ಎರಡನೇ ಬ್ಲಾಕಿನ ಜಾಗದಲ್ಲಿ ಫುಟ್‌ಬಾಲ್

ಡಿಪ್ಲೊಮಾ ಮುಗಿಸಿ ಚಿತ್ರದುರ್ಗದ ಒಂದು ಕಚೇರಿಯಲ್ಲಿ ಎರಡು ವರ್ಷ ನಕ್ಷೆ ಬರೆದ ಮೇಲೆ, ನನಗೆ ಮೊದಲ ಸಲ ಸೈಟ್ ಎಂಜಿನಿಯರ್ ಕೆಲಸ ಸಿಕ್ಕಿದ್ದು ಹೊಸದುರ್ಗದಲ್ಲಿ. ಊರು ದಾಟಿ ತೆಂಗಿನ ತೋಟಗಳು ಮುಗಿಯುವ ಕಡೆ ಹೆಣ್ಣುಮಕ್ಕಳ ಹಾಸ್ಟೆಲ್ ಒಂದು ಏಳುತ್ತಿತ್ತು. ಎರಡು ಬ್ಲಾಕುಗಳ ಕಟ್ಟಡ. ಮೊದಲ ಬ್ಲಾಕಿನ ಕಂಬಗಳು ಎದ್ದಿದ್ದವು. ಎರಡನೆಯದರ ನಕ್ಷೆಗೆ ಇನ್ನೂ ಒಪ್ಪಿಗೆ ಬಂದಿರಲಿಲ್ಲ. ಜಾಗವನ್ನು ಮಾತ್ರ ಜೆಸಿಬಿಯಲ್ಲಿ ಸಮ ಮಾಡಿ, ಗರಸು ಮಣ್ಣು ಹಾಸಿ, ಹಾಗೇ ಬಿಟ್ಟಿದ್ದರು. ಆ ಖಾಲಿ ಜಾಗದ ಅಂಚಿಗೆ ತಗಡಿನ ಶೆಡ್ಡುಗಳು. ಅವುಗಳಲ್ಲಿ ಜಾರ್ಖಂಡಿನಿಂದ ಬಂದ ಹದಿನಾಲ್ಕು ಜನ ಕೆಲಸಗಾರರು ಇದ್ದರು.

ಊರಿನವರು ಅವರನ್ನು 'ಹಿಂದಿಯೋರು' ಎನ್ನುತ್ತಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ. ಅವರ ಮನೆಮಾತು ಹಿಂದಿಯೇ ಅಲ್ಲ, ಹಿಂದಿ ಅವರಿಗೂ ನನ್ನ ಹಾಗೆ ಕಲಿತ ಭಾಷೆ ಎನ್ನುವುದು ಗೊತ್ತಾಗಲು ನನಗೆ ಒಂದು ತಿಂಗಳು ಹಿಡಿಯಿತು.

ಮೊದಲ ದಿನ ಸಂಜೆ ಐದೂವರೆಗೆ ಕೆಲಸ ನಿಂತಾಗ, ನಾನು ದಿನದ ವರದಿ ಬರೆಯುತ್ತಾ ಸ್ಟೋರಿನ ಬಾಗಿಲಲ್ಲಿ ಕೂತಿದ್ದೆ. ಬೆಳಗ್ಗೆ ಎಂಟರಿಂದ ಜಲ್ಲಿ ಹೊತ್ತವರು, ಕಂಬಿ ಬಗ್ಗಿಸಿದವರು. ಈಗ ಹೋಗಿ ಮಲಗುತ್ತಾರೆ ಎಂದುಕೊಂಡೆ. ಅವರು ತೊಟ್ಟಿಯ ನೀರಿನಲ್ಲಿ ಕಾಲಿನ ಸಿಮೆಂಟ್ ತೊಳೆದುಕೊಂಡು, ಲುಂಗಿ ಬಿಚ್ಚಿ ಚಡ್ಡಿ ಹಾಕಿಕೊಂಡು, ಒಬ್ಬೊಬ್ಬರೇ ಆ ಖಾಲಿ ಜಾಗಕ್ಕೆ ಬಂದರು. ಸೆಂಟ್ರಿಂಗಿನ ಆಸರೆಗೆ ತಂದ ಸರ್ವೆ ಮರದ ಗಳಗಳನ್ನು ಎರಡು ಕಡೆ ಎರಡೆರಡು ನೆಟ್ಟಿದ್ದರು. ಒಬ್ಬ ಶೆಡ್ಡಿನಿಂದ ಚೆಂಡು ತಂದ. ಸೈಕಲ್ ಟ್ಯೂಬಿಗೆ ಹಾಕುವ ತೇಪೆ ಎರಡು ಕಡೆ ಅಂಟಿಸಿದ್ದ ಹಳೇ ಫುಟ್‌ಬಾಲು. ಎಲ್ಲರೂ ಬರಿಗಾಲು. ಗೋಲಿನಲ್ಲಿ ನಿಂತವನು ಮಾತ್ರ ನಾವು ಕಾಂಕ್ರೀಟ್ ಕೆಲಸಕ್ಕೆ ಕೊಟ್ಟಿದ್ದ ರಬ್ಬರ್ ಗ್ಲೌಸು ಹಾಕಿಕೊಂಡಿದ್ದ.

ಆಮೇಲೆ ಅವರು ಓಡಿದ್ದನ್ನು ನೋಡಿ ನನಗೆ ನಂಬಿಕೆಯೇ ಬರಲಿಲ್ಲ. ಮಧ್ಯಾಹ್ನ ಏಣಿ ಹತ್ತಲು ಸೊಂಟ ಹಿಡಿದುಕೊಳ್ಳುತ್ತಿದ್ದ ಮನುಷ್ಯ ಈಗ ಚೆಂಡಿನ ಹಿಂದೆ ಜಿಂಕೆಯ ಹಾಗೆ ಹಾರುತ್ತಿದ್ದ. ಕೂಗು, ನಗು, ಬೈಗುಳ. ದಿನವಿಡೀ ಕೇಳದಿದ್ದ ಅಷ್ಟು ದನಿಗಳು ಒಂದೇ ಸಲ ಎದ್ದಿದ್ದವು.

ಅವರ ಮೇಸ್ತ್ರಿ ನಲವತ್ತರ ಆಸುಪಾಸಿನವನು, ಗಡ್ಡದಲ್ಲಿ ಬಿಳಿ ಕಾಣಿಸುತ್ತಿತ್ತು. ಅವನು ಅರ್ಧ ಗಂಟೆ ಆಡಿ, ಸುಧಾರಿಸಿಕೊಳ್ಳಲು ನನ್ನ ಹತ್ತಿರ ಬಂದು ಇಟ್ಟಿಗೆಯ ರಾಶಿಯ ಮೇಲೆ ಕೂತ. ನನ್ನ ಹರಕು ಹಿಂದಿಯಲ್ಲಿ ಕೇಳಿದೆ:

"ಸುಸ್ತಾಗಲ್ವಾ ನಿಮಗೆ?"

"ಆಗುತ್ತೆ ಮೇಡಂ. ಆದರೆ ಕೆಲಸದ ಸುಸ್ತು ಬೇರೆಯವರದು. ಇದು ನಮ್ಮದು" ಎಂದ.

ಆಮೇಲೆ ತಾನಾಗಿಯೇ ಅವರ ಕಡೆಯ ಸುದ್ದಿ ಹೇಳಿದ. ಭತ್ತದ ಕುಯ್ಲು ಮುಗಿದರೆ ಹಳ್ಳಿ ಹಳ್ಳಿಗಳ ನಡುವೆ ಪಂದ್ಯ ನಡೆಯುತ್ತದೆ, ಗದ್ದೆಯ ಕೂಳೆ ಕಿತ್ತು ಅಲ್ಲೇ ಆಡುತ್ತಾರೆ, ಗೆದ್ದ ತಂಡಕ್ಕೆ ಬಹುಮಾನ ಒಂದು ಹೋತ. ಅವನು ತನ್ನ ಪ್ರಾಯದಲ್ಲಿ ಏಳು ಹೋತ ಗೆದ್ದಿದ್ದನಂತೆ. ಅದನ್ನು ಹೇಳುವಾಗ ಏಳು ಬೆರಳು ಎತ್ತಿ ತೋರಿಸಿದ, ನನಗೆ ಹಿಂದಿಯಲ್ಲಿ ಎಣಿಕೆ ಬರುವುದಿಲ್ಲ ಎನ್ನುವ ಹಾಗೆ. ನಾನು ನಕ್ಕೆ. ನಮ್ಮದು ಕುರಿ ಕಾಯುವ ಮನೆತನ ಎಂದೆ. "ಹಾಗಾದರೆ ನಿಮ್ಮ ಮನೆಯಲ್ಲಿ ಬಹುಮಾನಗಳ ಹಿಂಡೇ ಇದೆ!" ಎಂದು ಎದ್ದು ಮತ್ತೆ ಆಟಕ್ಕೆ ಹೋದ.

ಅಲ್ಲಿಂದ ಮುಂದೆ ವರದಿಯನ್ನು ಆಫೀಸಿನ ಟೇಬಲ್ಲಿನಲ್ಲಿ ಬರೆಯುವ ಬದಲು, ಸ್ಟೋರಿನ ಬಾಗಿಲಲ್ಲೇ ಕೂತು ಬರೆಯುವುದು ನನಗೆ ರೂಢಿಯಾಯಿತು. ಆಟದ ನಿಯಮ ಏನೂ ಗೊತ್ತಿರಲಿಲ್ಲ. ನಮ್ಮ ಕಡೆ ವಾಲಿಬಾಲ್, ಕಬಡ್ಡಿ, ಈಗೀಗ ಎಲ್ಲೆಲ್ಲೂ ಕ್ರಿಕೆಟ್ಟು. ಆದರೆ ಜನ ಗೊತ್ತಾಗತೊಡಗಿದರು. ಅವರಲ್ಲಿ ನಾನು ಹೆಚ್ಚು ಗಮನಿಸಿದ್ದು ಒಬ್ಬ ಕಂಬಿ ಕಟ್ಟುವವನನ್ನು. ಮೂವತ್ತರ ಹತ್ತಿರದವನು, ಕಡ್ಡಿಯಂಥ ಮೈ. ಕೆಲಸದಲ್ಲಿ ಅವನಷ್ಟು ಚೊಕ್ಕ ಯಾರೂ ಇರಲಿಲ್ಲ. ಕೊಕ್ಕೆಯಿಂದ ತಂತಿ ತಿರುಗಿಸಿ ಗಂಟು ಹಾಕಿದರೆ ಎರಡನೇ ಸಲ ಮುಟ್ಟಬೇಕಿರಲಿಲ್ಲ. ಆದರೆ ಬಾಯಿಂದ ಒಂದು ಮಾತು ಹೊರಡುತ್ತಿರಲಿಲ್ಲ. ಕನ್ನಡದಲ್ಲಿ ಎರಡು ಪದ ಕಲಿತಿದ್ದ: ಐತೆ, ಇಲ್ಲ. ಸೂಪರ್‌ವೈಸರ್ ಅವನನ್ನು "ಏಯ್ ಕಂಬಿ" ಎಂದೇ ಕರೆಯುತ್ತಿದ್ದ. ಅವನು ತಿರುಗಿ ನೋಡಿ ತಲೆಯಾಡಿಸುತ್ತಿದ್ದ.

ಆಟದಲ್ಲಿ ಅವನೇ ಹೆಚ್ಚು ಕಿರುಚುವವನು. ಚೆಂಡು ಬೇಕೆಂದು ಕೈ ಎತ್ತಿ ಕೂಗುವನು, ತಪ್ಪು ಹೊಡೆದವನನ್ನು ಬೈಯುವನು, ಗೋಲು ಹೊಡೆದರೆ ಶೆಡ್ಡಿನ ತಗಡಿಗೆ ಎರಡೂ ಅಂಗೈಯಲ್ಲಿ ಬಡಿದು ಬರುವನು. ಒಂದು ದಿನ ತಾರಸಿಗೆ ಮೋಲ್ಡ್ ಹಾಕುವ ಮುಂಚೆ ಕಂಬಿ ತಪಾಸಣೆ ಮಾಡುತ್ತಾ, "ನೀನು ಇಲ್ಲಿ ಯಾಕೆ ಮಾತೇ ಆಡಲ್ಲ?" ಎಂದು ಕೇಳಿದೆ. ಅವನು ಕೊಕ್ಕೆಯನ್ನು ಕೆಳಗಿಟ್ಟ.

"ಇಲ್ಲಿ ನನ್ನ ಹೆಸರನ್ನು ಯಾರೂ ಹೇಳಲ್ಲ ಮೇಡಂ. ಆಟದಲ್ಲಿ ಹೆಸರು ಹಿಡಿದು ಕೂಗುತ್ತಾರೆ. ಹೆಸರು ಕೇಳಿದರೆ ಬಾಯಿ ತಾನೇ ಬರುತ್ತೆ."

ನನಗೂ ಅವನ ಹೆಸರು ಹಾಜರಿ ಪುಸ್ತಕದಲ್ಲಿ ಓದಿ ಗೊತ್ತಿತ್ತೇ ಹೊರತು, ಒಂದು ದಿನವೂ ಕರೆದಿರಲಿಲ್ಲ.

ಹೀಗೆ ಮೂರು ತಿಂಗಳು ಕಳೆಯಿತು. ಆಮೇಲೆ ಆ ಶುಕ್ರವಾರ ಬಂತು.

ಹಿಂದಿನ ವಾರ ಮಳೆ ಬಿದ್ದಾಗ ಕಾಂಕ್ರೀಟ್ ತಂದ ದೊಡ್ಡ ಲಾರಿಯೊಂದು ಎರಡನೇ ಬ್ಲಾಕಿನ ಜಾಗದ ಮೇಲೆ ಹಾದುಹೋಗಿತ್ತು. ಚಕ್ರ ಹೂತ ಕಡೆ ಮೊಣಕೈ ಆಳದ ತಗ್ಗು ಬಿದ್ದು, ಬಿಸಿಲಿಗೆ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ನಾನು ದಿನವೂ ಅದನ್ನು ದಾಟಿಕೊಂಡೇ ಸ್ಟೋರಿಗೆ ಹೋಗುತ್ತಿದ್ದೆ. ಮುಚ್ಚಿಸಬೇಕು ಎಂದು ದಿನವೂ ಅಂದುಕೊಳ್ಳುತ್ತಿದ್ದೆ. ಸೈಟಿನಲ್ಲಿ ಅಂಥದ್ದನ್ನು ನೋಡಿಕೊಳ್ಳುವುದು ನನ್ನದೇ ಕೆಲಸ. ಮೋಲ್ಡಿನ ಗಡಿಬಿಡಿಯಲ್ಲಿ ಉಳಿದುಹೋಯಿತು. ಆ ಸಂಜೆ ಕಂಬಿಯವನು ಚೆಂಡು ತೆಗೆದುಕೊಂಡು ಪಕ್ಕಕ್ಕೆ ಹೊರಳಿದ. ಎಡಗಾಲು ಆ ತಗ್ಗಿಗೆ ಇಳಿಯಿತು. ಮೈ ಮುಂದಕ್ಕೆ ಹೋಯಿತು, ಕಾಲು ಅಲ್ಲೇ ಉಳಿಯಿತು. ಸದ್ದು ನನಗೂ ಕೇಳಿಸಿತು.

ಸರ್ಕಾರಿ ಆಸ್ಪತ್ರೆಗೆ ಆಟೋದಲ್ಲಿ ಕರೆದುಕೊಂಡು ಹೋದೆವು, ಮೇಸ್ತ್ರಿ ಮತ್ತು ನಾನು. ಪಾದದ ಗಂಟಿನ ಹತ್ತಿರ ಮೂಳೆ ಬಿರುಕು ಬಿಟ್ಟಿತ್ತು. ಪಟ್ಟಿ ಹಾಕಿ, ಆರು ವಾರ ಕಾಲು ಊರಬಾರದು ಎಂದರು. ವಾಪಸ್ ಬರುವಾಗ ಅವನು ನೋವಿಗೆ ತುಟಿ ಕಚ್ಚಿಕೊಂಡು, "ಮೇಡಂ, ಕಾಲಂ ಕಂಬಿ ಅರ್ಧ ಮಾತ್ರ ಕಟ್ಟಿದ್ದೀನಿ, ಬೇರೆಯವರಿಗೆ ಹೇಳಿ" ಎಂದ.

ಅವತ್ತಿನ ವರದಿಯಲ್ಲಿ ನಾನು ಬರೆದದ್ದು ಒಂದೇ ಸಾಲು: ಕೆಲಸದ ವೇಳೆ ಮುಗಿದ ನಂತರ ಫುಟ್‌ಬಾಲ್ ಆಡುತ್ತಿದ್ದಾಗ ಬಿದ್ದು ಒಬ್ಬ ಕೆಲಸಗಾರನ ಕಾಲಿಗೆ ಪೆಟ್ಟು.

ಬರೆದದ್ದರಲ್ಲಿ ಸುಳ್ಳೇನಿರಲಿಲ್ಲ. ತಗ್ಗಿನ ವಿಷಯ ಬರೆಯಲಿಲ್ಲ, ಅಷ್ಟೆ. ಬರೆದರೆ ಮೊದಲ ಸೈಟಿನಲ್ಲೇ ನನ್ನ ಹೆಸರಿಗೆ ಒಂದು ತಪ್ಪು ಅಂಟುತ್ತದೆ ಎಂಬ ಭಯ. ಅಲ್ಲಿ ನಾನೊಬ್ಬಳೇ ಹೆಂಗಸು; ನನ್ನಿಂದ ಈ ಕೆಲಸ ಆಗುತ್ತದೋ ಇಲ್ಲವೋ ಎಂದು ನೋಡುತ್ತಿದ್ದ ಕಣ್ಣುಗಳು ಬೇಕಾದಷ್ಟಿದ್ದವು. ಆ ಹೊತ್ತಿಗೆ ಇದೆಲ್ಲ ಸರಿಯಾದ ಕಾರಣವೆಂದೇ ಅನಿಸಿತ್ತು.

ಮಾರನೇ ದಿನ ಕಂಟ್ರಾಕ್ಟರ್ ಬಂದರು. ಕೆಟ್ಟ ಮನುಷ್ಯರಲ್ಲ. ಊಟ, ನೀರು, ಹಾಸಿಗೆಗೆ ಕಡಿಮೆ ಮಾಡಿದವರಲ್ಲ. ಆದರೆ ಮೋಲ್ಡಿನ ದಿನ ನಿಗದಿಯಾಗಿತ್ತು, ಒಳ್ಳೇ ಕಂಬಿಯವನು ಮಲಗಿದ್ದ. ನನ್ನ ವರದಿಯನ್ನು ಕೈಯಲ್ಲಿ ಹಿಡಿದೇ ಶೆಡ್ಡಿನ ಮುಂದೆ ನಿಂತರು.

"ನೋಡ್ರಪ್ಪ, ನಿಮ್ಮನ್ನ ಕೆಲ್ಸಕ್ಕೆ ಕರ್ಸಿರೋದು. ಆಟಕ್ಕಲ್ಲ. ಇನ್ಮೇಲೆ ಈ ಸೈಟಲ್ಲಿ ಚೆಂಡು ಕಾಣಬಾರ್ದು" ಎಂದರು. ಮೇಸ್ತ್ರಿ ಅದನ್ನು ತಮ್ಮ ಭಾಷೆಯಲ್ಲಿ ಹೇಳಿದ. ಕಂಟ್ರಾಕ್ಟರ್ ನನ್ನ ಕಡೆ ತಿರುಗಿ, "ಏನಮ್ಮ, ಆ ಚೆಂಡು ತಗೊಂಡು ಸ್ಟೋರಲ್ಲಿ ಹಾಕಿ ಬೀಗ ಹಾಕು" ಎಂದರು. ಸ್ಟೋರಿನ ಬೀಗದ ಕೈ ನನ್ನ ಹತ್ತಿರವೇ ಇರುತ್ತಿತ್ತು. ಹಾಗೆ ಚೆಂಡು ಹೆಲ್ಮೆಟ್‌ಗಳ ಪಕ್ಕದಲ್ಲಿ, ಸಿಮೆಂಟ್ ಚೀಲಗಳ ಮೇಲೆ ಹೋಗಿ ಕೂತಿತು.

ಆಟ ನಿಂತ ಮೇಲೆ ಸಂಜೆಗಳು ಹೇಗಾದವು ಎನ್ನುವುದನ್ನು ನಾನು ದಿನವೂ ನೋಡಿದೆ. ಐದೂವರೆಗೆ ಕೈಕಾಲು ತೊಳೆದು ಶೆಡ್ಡಿಗೆ ಹೋಗುವರು. ಒಬ್ಬೊಬ್ಬನೂ ಗೋಡೆಯ ಕಡೆ ಮುಖ ಮಾಡಿ ಮಲಗಿ ಫೋನು ನೋಡುವನು. ಕೆಲವರು ರಸ್ತೆಯ ಆಚೆ ಇದ್ದ ಅಂಗಡಿಯಿಂದ ಕುಡಿದು ಬರತೊಡಗಿದರು. ಎರಡನೇ ವಾರ ಒಂದು ಬಕೆಟ್ ನೀರಿಗಾಗಿ ಇಬ್ಬರು ಹೊಡೆದಾಡಿದರು, ಒಂದೇ ಹಳ್ಳಿಯವರು, ಒಂದೇ ತಟ್ಟೆಯಲ್ಲಿ ಉಂಡವರು. ಅವರಲ್ಲೊಬ್ಬ ಮಾರನೇ ಬೆಳಗ್ಗೆ ಚೀಲ ಹೆಗಲಿಗೆ ಹಾಕಿಕೊಂಡು ರೈಲು ಹಿಡಿಯಲು ಹೊರಟುಹೋದ. ಕೆಲಸವೇನೂ ನಿಲ್ಲಲಿಲ್ಲ, ಆದರೆ ಗಾರೆ ಕಲಸುವಾಗ ಇದ್ದ ಹಾಡು, ಒಬ್ಬರನ್ನೊಬ್ಬರು ರೇಗಿಸುವುದು ಎಲ್ಲ ಇಳಿದುಹೋಯಿತು.

ಕಂಬಿಯವನು ಕಾಲು ಚಾಚಿಕೊಂಡು ಶೆಡ್ಡಿನ ಮುಂದೆ ಕೂತು, ಕಟ್ಟುವ ತಂತಿಯನ್ನು ಗೇಣುದ್ದ ಕತ್ತರಿಸಿ ಕಂತೆ ಕಟ್ಟುತ್ತಿದ್ದ. ಕೂತಲ್ಲೇ ಮಾಡಬಹುದಾದ ಕೆಲಸ ಅದೊಂದೇ. ಒಂದು ಮಧ್ಯಾಹ್ನ ನಾನು ಅವನ ಎದುರು ನಿಂತು, ಎಷ್ಟೋ ದಿನದಿಂದ ಬಾಯಿಗೆ ಬಂದು ನಿಲ್ಲುತ್ತಿದ್ದದ್ದನ್ನು ಹೇಳಿದೆ: "ನಾನು ಬರೆದಿದ್ದರಿಂದ ಆಟ ನಿಂತಿತು."

"ನೀವು ಬರೆದಿದ್ದು ಸುಳ್ಳಲ್ಲವಲ್ಲ ಮೇಡಂ" ಎಂದ, ತಂತಿಯಿಂದ ಕಣ್ಣು ತೆಗೆಯದೆ.

ಅವನು ಸಿಟ್ಟು ಮಾಡಿದ್ದರೆ ನನಗೆ ಸುಲಭವಾಗುತ್ತಿತ್ತು.

ಆ ಭಾನುವಾರ ಊರಿಗೆ ಹೋದೆ. ನಮ್ಮದು ಹೊಳಲ್ಕೆರೆ ತಾಲ್ಲೂಕು, ಹೊರಕೆರೆದೇವಪುರದ ಹತ್ತಿರದ ಒಂದು ಹಳ್ಳಿ. ಅಪ್ಪ ಹಟ್ಟಿಯ ಮುಂದೆ ಕೂತು ಕುರಿಮರಿಯೊಂದರ ಗೊರಸಿಗೆ ಔಷಧ ಹಚ್ಚುತ್ತಿದ್ದ. ನಾನು ಮರಿಯ ಕಾಲು ಹಿಡಿದುಕೊಂಡೇ ಎಲ್ಲವನ್ನೂ ಹೇಳಿದೆ. ಅಪ್ಪ ಮಧ್ಯೆ ಬಾಯಿ ಹಾಕದೆ ಕೇಳಿ, ಕೊನೆಗೆ ಒಂದೇ ಪ್ರಶ್ನೆ ಕೇಳಿದ.

"ತಗ್ಗು ಇದ್ದುದ್ದು ಬರದ್ಯಾ?"

"ಇಲ್ಲ."

"ಯಾಕೆ?"

ಅಪ್ಪ ಮರಿಯನ್ನು ಬಿಟ್ಟು ಕೈ ಒರೆಸಿಕೊಂಡ.

"ನಿನ್ನಷ್ಟು ವಯಸ್ಸಿದ್ದಾಗ ನಾವು ಕುರಿ ಹೊಡ್ಕಂಡು ಹರಿಹರದ ಆಚೆ ಹೋಗ್ತಿದ್ವಿ. ಕುಯ್ಲಾದ ಗದ್ದೇಲಿ ಮಂದೆ ಹಾಕ್ತಿದ್ವಿ. ಮೂರ್ ತಿಂಗ್ಳು ಮನೆ ಇಲ್ಲ, ಮಠ ಇಲ್ಲ. ಹಗಲೆಲ್ಲ ಹೆಂಗೋ ಹೋಗ್ತಿತ್ತು ಕಣವ್ವ. ಕುರಿ ಹಿಂದೆ ತಿರುಗಿದ್ರೆ ಆತು. ಸಾಯಂಕಾಲ ಆಯ್ತಾ, ಎದೆ ಮೇಲೆ ಕಲ್ಲು ಇಟ್ಟಂಗೆ ಆಗದು. ಅದಕ್ಕೆ ಒಂದು ಬಂಡೆ ಮೇಲೆ ಇದ್ಲಲ್ಲಿ ಗೆರೆ ಎಳ್ದು ಆಡು-ಹುಲಿ ಆಟ ಆಡ್ತಿದ್ವಿ. ಒಂದ್ ದಿನ ಆ ಹೊಲದ ಯಜಮಾನ ಬಂದ. ಗೊಬ್ರಕ್ಕೆ ಅಂತ ಕರ್ಸಿದ್ರೆ ಆಟ ಆಡ್ತೀರೇನ್ರೋ ಅಂದೋನೇ ಕಲ್ಲುಗಳನ್ನೆಲ್ಲ ಒದ್ದ."

"ಆಮೇಲೆ?"

"ಆಮೇಲೇನು. ಆ ಮನುಷ್ಯ ನಮಗೆ ಭತ್ತ ಕೊಟ್ಟ, ಉಣ್ಣಾಕೆ ಇಕ್ಕಿದ. ಎಷ್ಟು ಕೊಟ್ಟ, ಏನು ಇಕ್ಕಿದ, ಒಂದೂ ನೆಪ್ಪಿಲ್ಲ. ಒದ್ದಿದ್ದು ಮಾತ್ರ ನಲವತ್ತು ವರ್ಷ ಆದ್ರೂ ನೆಪ್ಪೈತೆ."

ಅಪ್ಪ ಎದ್ದು ಇನ್ನೊಂದು ಮರಿಯನ್ನು ಹಿಡಿದು ತಂದ.

ಸೋಮವಾರ ಬೆಳಗ್ಗೆ ನಾನು ಮೊದಲು ಮಾಡಿದ್ದು ಹಳೇ ವರದಿಯ ಜೊತೆಗೆ ಇನ್ನೊಂದು ಹಾಳೆ ಬರೆದದ್ದು. ಲಾರಿ ಹೋಗಿ ಬಿದ್ದಿದ್ದ ತಗ್ಗನ್ನು ಮುಚ್ಚಿಸದೇ ಬಿಟ್ಟದ್ದರಿಂದ ಪೆಟ್ಟಾಯಿತು, ಅದನ್ನು ನೋಡಿಕೊಳ್ಳಬೇಕಾದವಳು ನಾನು, ಎಂದು. ಅದನ್ನು ಕಂಟ್ರಾಕ್ಟರಿಗೆ ಕಳಿಸಿದ ಅರ್ಧ ಗಂಟೆಯಲ್ಲೇ ಫೋನ್ ಬಂತು.

"ಇದೇನಮ್ಮ ಇದು? ಯಾರಾದ್ರೂ ತಮ್ಮ ಕುತ್ತಿಗೆಗೆ ತಾವೇ ಹಗ್ಗ ಹಾಕ್ಕೊಳ್ತಾರಾ?"

"ನಡೆದಿದ್ದು ಅದೇ ಸರ್. ಸೈಟಿನ ತಗ್ಗಿಗೆ ಬಿದ್ದಿದ್ದಾನೆ. ಅವನ ಕಾಲು ವಾಸಿಯಾಗೋವರೆಗೂ ನಾವೇ ನೋಡ್ಕೋಬೇಕು."

ಬೈಗುಳಕ್ಕೆ ಕಾಯುತ್ತಾ ನಾನು ಕಣ್ಣು ಮುಚ್ಚಿಕೊಂಡಿದ್ದೆ. "ಸರಿ, ನೋಡ್ಕೊಳ್ಳೋಣ" ಎಂದರು ಕೊನೆಗೆ. ಅದೇ ಧೈರ್ಯದಲ್ಲಿ ನಾನು ಆಟದ ಮಾತೂ ಎತ್ತಿದೆ. ಜಾಗ ಸಮ ಮಾಡಿಸುತ್ತೇನೆ, ಕಂಬಿ ತುಂಡು, ಮೊಳೆ ಆರಿಸಿ ತೆಗೆಸುತ್ತೇನೆ, ಆಡುವಷ್ಟು ಹೊತ್ತು ನಾನೇ ಇರುತ್ತೇನೆ ಎಂದೆ. ಹೊರಟುಹೋದ ಆಳಿನ ಸುದ್ದಿ, ಹೊಡೆದಾಟದ ಸುದ್ದಿ ಹೇಳಿದೆ.

"ಇನ್ನೊಬ್ಬ ಬಿದ್ರೆ ನಿನ್ನನ್ನೇ ಕೇಳ್ತೀನಿ."

"ಕೇಳಿ ಸರ್."

ಮಧ್ಯಾಹ್ನ ಕ್ರಷರಿನ ಕಲ್ಲುಪುಡಿ ತುಂಬಿಸಿ ಆ ತಗ್ಗನ್ನು ಮುಚ್ಚಿಸಿದೆ, ರೋಲರ್ ಹೊಡೆಸಿದೆ. ಐದೂವರೆಗೆ ಸ್ಟೋರಿನಿಂದ ಚೆಂಡು ಹೊರಗೆ ತಂದೆ. ಜೊತೆಗೆ ಪಾಯ ಗುರುತು ಮಾಡಲು ಇಟ್ಟಿದ್ದ ಸುಣ್ಣದ ಪುಡಿಯ ಚೀಲ ಮತ್ತು ಟೇಪು. ಫುಟ್‌ಬಾಲ್ ಅಂಕಣದ ಅಳತೆಯನ್ನು ಫೋನಿನಲ್ಲಿ ನೋಡಿಕೊಂಡಿದ್ದೆ. ನಮ್ಮ ಜಾಗಕ್ಕೆ ಅದರ ಅರ್ಧವೂ ಕೂರುತ್ತಿರಲಿಲ್ಲ. ದಾರ ಕಟ್ಟಿ ಒಂದು ಉದ್ದ ಗೆರೆ ಸುಣ್ಣ ಬಿಡುವಷ್ಟರಲ್ಲಿ ಅವರೆಲ್ಲ ಶೆಡ್ಡಿನಿಂದ ಬಂದು ಸಾಲಾಗಿ ನಿಂತಿದ್ದರು. ಯಾರೂ ಹತ್ತಿರ ಬರಲಿಲ್ಲ. ನಾನೂ ತಲೆ ಎತ್ತಲಿಲ್ಲ. ಗೋಲಿನ ಮುಂದಿನ ಚೌಕ ಎಳೆಯಲು ಹೊರಟಾಗ ಮೇಸ್ತ್ರಿಗೆ ತಡೆಯಲಾಗಲಿಲ್ಲ.

"ಅಷ್ಟು ದೊಡ್ಡದು ಬೇಡ ಮೇಡಂ, ಎಲ್ಲಾ ಪೆನಾಲ್ಟಿಯೇ ಆಗಿಹೋಗುತ್ತೆ" ಎಂದು ಟೇಪಿನ ತುದಿ ಹಿಡಿದುಕೊಂಡ. ಆಮೇಲೆ ಟೇಪನ್ನೂ ಬಿಟ್ಟು ಹೆಜ್ಜೆಯಲ್ಲಿ ಅಳೆದ. ಮಿಕ್ಕವರು ಸುಣ್ಣಕ್ಕೆ ಕೈ ಹಾಕಿದರು. ನಡುವಿನ ವೃತ್ತವನ್ನು ಒಂದು ಗೂಟಕ್ಕೆ ದಾರ ಕಟ್ಟಿ ತಿರುಗಿಸಿ ಕಂಬಿಯವನೇ ಎಳೆಸಿದ, ಕುರ್ಚಿಯಲ್ಲಿ ಕೂತು ಕೂಗಿ ಕೂಗಿ.

ನಮ್ಮ ಕಿಟಕಿಗಳಿಗೆ ಗ್ರಿಲ್ ಮಾಡಿಕೊಡುತ್ತಿದ್ದ ವೆಲ್ಡರ್ ಒಬ್ಬರಿದ್ದರು. ಹೊಸದುರ್ಗದ ಪೇಟೆಯವರು, ಅವರ ಮನೆತನದವರು ತಲೆತಲಾಂತರದಿಂದ ಕಬ್ಬಿಣದ ಕೆಲಸದವರು. ಗ್ರಿಲ್ಲಿನ ಅಳತೆಗೆ ಬಂದವರು ಸುಣ್ಣದ ಗೆರೆ ನೋಡಿ ನಿಂತುಬಿಟ್ಟರು.

"ಏನ್ ಮೇಡಂ, ಇದು ಪಾಯನಾ, ಫೀಲ್ಡಾ?"

"ಸದ್ಯಕ್ಕೆ ಫೀಲ್ಡು."

"ನಮ್ ಮೊಹಲ್ಲಾದಾಗೂ ಆಡೋರು ಅವ್ರೆ. ಹತ್ತು ಹನ್ನೆರಡು ಜನ ಹುಡುಗ್ರು, ಗ್ಯಾರೇಜ್ನೋರು, ಹಣ್ಣಿನಂಗಡಿಯೋರು. ಎದುರಿಗೆ ಆಡಾಕೆ ಟೀಮೇ ಸಿಗವಲ್ದು. ಒಂದು ಮ್ಯಾಚ್ ಇಟ್ಕಳಾಣ."

ಮೇಸ್ತ್ರಿಗೂ ಅವರಿಗೂ ಉರ್ದು-ಹಿಂದಿಯಲ್ಲಿ ಮಾತು ಕೂಡಲು ಐದು ನಿಮಿಷ ಸಾಕಾಯಿತು. ಬಹುಮಾನ ಏನು ಎಂದು ವೆಲ್ಡರ್ ಕೇಳಿದಾಗ ಎಲ್ಲರೂ ನನ್ನ ಕಡೆ ನೋಡಿದರು. ಅಪ್ಪನಿಗೆ ಫೋನ್ ಮಾಡಿದೆ. ವಿಷಯ ಕೇಳಿ ಅಪ್ಪ ಜೋರಾಗಿ ನಕ್ಕ. "ಹೋತಕ್ಕಾಗಿ ಆಡ್ತಾರಾ? ಅಂಗಾದ್ರೆ ನಾನೇ ಹೊಡ್ಕಂಡು ಬರ್ತೀನಿ ಬಿಡು."

ನಿಜಕ್ಕೂ ಬಂದ. ಸುಮಾರು ನಾಲ್ಕು ವಾರದ ಮೇಲೆ, ಮ್ಯಾಚಿನ ಭಾನುವಾರ ಮಧ್ಯಾಹ್ನ, ಪರಿಚಯದವರ ಲಗೇಜ್ ಆಟೋದಲ್ಲಿ ಕರೀ ಹೋತವನ್ನು ನಿಲ್ಲಿಸಿಕೊಂಡು, ತಾನೂ ಅದರ ಪಕ್ಕ ಕೂತು ಬಂದಿಳಿದ. ಕಾಂಕ್ರೀಟ್ ಮಿಕ್ಸರಿಗೆ ಅದನ್ನು ಕಟ್ಟಿದೆವು. ಮೇಸ್ತ್ರಿ ಹೋತದ ಬೆನ್ನು, ಪಕ್ಕೆ ಒತ್ತಿ ನೋಡಿ ಅಪ್ಪನ ಕಡೆ ತಲೆಯಾಡಿಸಿದ. ಒಬ್ಬರ ಭಾಷೆ ಒಬ್ಬರಿಗೆ ಬರುವುದಿಲ್ಲ. ಆದರೂ ಅದರ ವಯಸ್ಸು, ತೂಕದ ಬಗ್ಗೆ ಇಬ್ಬರೂ ಬೆರಳಲ್ಲೇ ಸುಮಾರು ಹೊತ್ತು ಚರ್ಚೆ ಮಾಡಿದರು.

ಪೇಟೆಯ ತಂಡ ಬೈಕುಗಳಲ್ಲಿ ಬಂತು, ಬಣ್ಣದ ಅಂಗಿ, ಬೂಟು ಹಾಕಿಕೊಂಡು. ಸೀಟಿ ಊದಲು ಅವರ ಬೀದಿಯ ನಿವೃತ್ತ ಪೋಸ್ಟ್‌ಮ್ಯಾನ್ ಒಬ್ಬರು ಬಂದಿದ್ದರು. ಅವರು ನಮ್ಮವರ ಬರಿಗಾಲುಗಳನ್ನು ಒಮ್ಮೆ ನೋಡಿ, ತಮ್ಮ ತಂಡದ ಕಡೆ ತಿರುಗಿ, "ಬೂಟು ಬಿಚ್ರೋ ಎಲ್ರೂ" ಎಂದರು. ಒಬ್ಬಿಬ್ಬರು ಗೊಣಗಿದರು. ಸೀಟಿ ಜೋರಾಗಿ ಊದಿದ ಮೇಲೆ ಬಿಚ್ಚಿದರು.

ಕಂಬಿಯವನ ಪಟ್ಟಿ ಬಿಚ್ಚಿ ನಾಲ್ಕು ದಿನವಾಗಿತ್ತು. ಹತ್ತೇ ನಿಮಿಷ ಆಡುತ್ತೇನೆ ಎಂದು ಬೆಳಗ್ಗೆಯಿಂದ ಬೇಡಿಕೊಂಡಿದ್ದ. ನಾನು ಆಗುವುದೇ ಇಲ್ಲ ಎಂದೆ. ಈ ಸಲ ಅವನ ಹೆಸರು ಹಿಡಿದೇ ಹೇಳಿದೆ. ಅವನು ಗೆರೆಯ ಆಚೆ ಒಂದು ಕೋಲು ಹಿಡಿದು ನಿಂತು, ಆಟವಿಡೀ ಗೆರೆಯುದ್ದಕ್ಕೂ ಕುಂಟುತ್ತಾ ಓಡಾಡಿದ.

ಮೊದಲ ಗೋಲು ನಮ್ಮವರದು, ಆಮೇಲಿನ ಎರಡು ಪೇಟೆಯವರದು. ಮತ್ತೆ ನಮ್ಮವರು ಸಮ ಮಾಡಿದರು. ರಸ್ತೆಯಲ್ಲಿ ಹೋಗುವವರು ಬೈಕು ನಿಲ್ಲಿಸಿ ನೋಡುತ್ತಿದ್ದರು. "ಹಿಂದಿಯೋರು ಚೆನ್ನಾಗಿ ಆಡ್ತಾರೆ ಕಣಲೇ" ಎಂದು ಯಾರೋ ಹೇಳಿದ್ದು ಕೇಳಿಸಿತು. ಕೊನೆಯ ಐದು ನಿಮಿಷ ಇರುವಾಗ ಪೇಟೆಯ ಗ್ಯಾರೇಜಿನವನೊಬ್ಬ ಹೊಡೆದ ಚೆಂಡು ಸರ್ವೆ ಗಳಕ್ಕೆ ತಾಗಿ ಒಳಗೆ ಹೋಯಿತು. ನಮ್ಮ ಗೋಲಿನವನು ಅದು ಆಫ್‌ಸೈಡ್, ಚೆಂಡು ಬರುವ ಮುಂಚೆಯೇ ಅವನು ನಮ್ಮವರನ್ನು ದಾಟಿ ನಿಂತಿದ್ದ ಎಂದ. ಪೋಸ್ಟ್‌ಮ್ಯಾನ್ ಅಲ್ಲ ಎಂದರು. ಆಗ ನಾನು ಹಿಂದೆಂದೂ ನೋಡದಿದ್ದದ್ದನ್ನು ನೋಡಿದೆ. ಮೇಸ್ತ್ರಿಯೂ ಸೇರಿ ಹನ್ನೊಂದು ಜನ ಪೋಸ್ಟ್‌ಮ್ಯಾನರನ್ನು ಸುತ್ತುವರಿದು ಕೈ ಬೀಸಿ ವಾದಿಸಿದರು. ಊಟ ತಡವಾದರೆ, ಬಯಲಲ್ಲಿ ಮಳೆ ಹೊಡೆದರೆ, ಯಾರಾದರೂ ಗದರಿದರೆ ತಲೆ ತಗ್ಗಿಸಿ ಸುಮ್ಮನಿರುತ್ತಿದ್ದ ಅದೇ ಜನ. ಅನ್ಯಾಯವಾಯಿತು ಎಂದು ಜೋರಾಗಿ ಹೇಳಲು ಅವರಿಗೆ ಒಂದು ಜಾಗ ಸಿಕ್ಕಿತ್ತು. ಪೋಸ್ಟ್‌ಮ್ಯಾನರೂ ಅಷ್ಟೇ ಜೋರಾಗಿ ಉತ್ತರ ಕೊಟ್ಟರು, ಗೋಲು ಗೋಲೇ ಎಂದರು.

ಮೂರು-ಎರಡರಲ್ಲಿ ನಮ್ಮವರು ಸೋತರು. ಗೋಲಿನವನು ಗ್ಲೌಸನ್ನು ನೆಲಕ್ಕೆ ಎಸೆದು ಶೆಡ್ಡಿಗೆ ಹೋದ. ಅಪ್ಪನಿಗೆ ಮಾತ್ರ ಖುಷಿ. "ಎಂಥ ಜಗಳ ಆಡಿದ್ರವ್ವ!" ಎಂದು ಬಸ್ ನಿಲ್ದಾಣದವರೆಗೂ ಹೇಳಿಕೊಂಡು ಬಂದ.

ಹೋತ ಪೇಟೆಗೆ ಹೋಯಿತು. ಆದರೆ ಮೂರನೇ ದಿನ ವೆಲ್ಡರ್ ಬಂದು, "ಶುಕ್ರವಾರ ಮಧ್ಯಾಹ್ನ ಎಲ್ರೂ ನಮ್ಮನೆಗೆ ಊಟಕ್ಕೆ ಬರ್ರಿ. ಮೇಡಂ, ನೀವೂ ಬರ್ಬೇಕು" ಎಂದರು. ಕಂಟ್ರಾಕ್ಟರಿಗೆ ಹೇಳಿ ಅರ್ಧ ದಿನ ರಜೆ ಮಾಡಿಸಿದೆ. ಹದಿಮೂರು ಜನ ಒಗೆದ ಅಂಗಿ ಹಾಕಿ, ತಲೆ ಬಾಚಿ, ನಡೆದುಕೊಂಡೇ ಪೇಟೆಗೆ ಹೋದರು. ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಒಬ್ಬರ ಮುಖ ಒಬ್ಬರು ನೋಡಿಕೊಂಡು ಹಿಂಜರಿದರು. ಈ ಕಡೆ ಬಂದು ಎಂಟು ತಿಂಗಳಾಗಿತ್ತು. ಮನೆಯೆಂಬ ಮನೆಯ ಒಳಗೆ ಅವರು ಕಾಲಿಟ್ಟದ್ದು ಅದೇ ಮೊದಲು ಎಂದು ಮೇಸ್ತ್ರಿ ಆಮೇಲೆ ಹೇಳಿದ. ವೆಲ್ಡರ್ ಅವರ ತಾಯಿ ನಡುಮನೆಯಲ್ಲಿ ನಿಂತು, "ಬರ್ರಪ್ಪ, ಕುಂತ್ಕಳ್ರಿ, ಯಾಕೆ ಅಲ್ಲೇ ನಿಂತ್ರಿ?" ಎಂದರು. ಮಾತು ತಿಳಿಯದಿದ್ದರೂ ಎಲ್ಲರೂ ಕೂತರು. ಬಿರಿಯಾನಿ ಬಡಿಸುವಾಗ ಆಫ್‌ಸೈಡಿನ ಜಗಳ ಮತ್ತೆ ಶುರುವಾಯಿತು.

ಎರಡನೇ ಬ್ಲಾಕಿನ ನಕ್ಷೆಗೆ ಒಪ್ಪಿಗೆ ಬಂದದ್ದು ಅದಾಗಿ ಮೂರು ವಾರಕ್ಕೆ. ಬರುತ್ತದೆಂದು ಗೊತ್ತೇ ಇತ್ತು. ಆದರೂ ಕಾಗದ ಕೈಗೆ ಬಂದಾಗ ನನಗೆ ಹೇಗೋ ಆಯಿತು. ಮೇಸ್ತ್ರಿಗೆ ಹೇಳಿದಾಗ ಅವನು ತಲೆಯಾಡಿಸಿ, "ಎಂದಿನಿಂದ ಅಗೆಯೋದು?" ಎಂದಷ್ಟೇ ಕೇಳಿದ. ನಾಳಿದ್ದು ಎಂದೆ. ಮಾರನೇ ಸಂಜೆಯ ಆಟ ಕೊನೆಯದು. ಏನಾದರೂ ವಿಶೇಷ ಮಾಡುತ್ತಾರೇನೋ ಎಂದು ನಾನು ಕಾದಿದ್ದೆ. ಅವರು ಇಪ್ಪತ್ತು ನಿಮಿಷ ಆಡಿ ನಿಲ್ಲಿಸಿದರು. ಅವತ್ತು ಸಂತೆ, ತರಕಾರಿ ತರುವ ಸರದಿಯವರು ಹೊರಡಬೇಕಿತ್ತು.

ಬೆಳಗ್ಗೆ ನಾನೇ ಪಾಯದ ಗುರುತು ಹಾಕಿದೆ. ಹಳೆಯ ಸುಣ್ಣದ ಗೆರೆಗಳು ಇನ್ನೂ ಅಳಿಸಿರಲಿಲ್ಲ. ಗೊಂದಲವಾಗದಿರಲಿ ಎಂದು ಕಂಬಿಯವನು ಪೊರಕೆ ತಂದು ಅವನ್ನು ಗುಡಿಸಿದ. "ನಿನಗೆ ಬೇಜಾರಾಗಲ್ವಾ?" ಎಂದು ಕೇಳಿಯೇಬಿಟ್ಟೆ.

"ಖಾಲಿ ಜಾಗ ಇದ್ದಲ್ಲಿಗೇ ನಮ್ಮನ್ನು ಕರೆಸೋದು ಮೇಡಂ" ಎಂದ. "ತುಂಬಿದ ಮೇಲೆ ಇನ್ನೊಂದು ಕಡೆ."

ಆಮೇಲೆ ಅವರು ಭಾನುವಾರಗಳಲ್ಲಿ ಪೇಟೆಯವರ ಜೊತೆ ಅವರ ಮೈದಾನದಲ್ಲೇ ಆಡುತ್ತಿದ್ದರು. ವಾರದ ಸಂಜೆಗಳಲ್ಲಿ ಆಟವಿರಲಿಲ್ಲ, ಮೊದಲಿನಷ್ಟು ಬೇಸರವೂ ಇರಲಿಲ್ಲ. ಕಂಬಿಯವನ ಕಾಲು ಕೂಡಿತು. ಆದರೆ ಮೊದಲಿನ ಓಟ ಬರಲಿಲ್ಲ, ಚಳಿಗೆ ಗಂಟು ನೋಯುತ್ತದೆ ಎನ್ನುತ್ತಿದ್ದ. ಅದನ್ನು ಕೇಳಿದಾಗಲೆಲ್ಲ ನನಗೆ ಮುಖ ಎತ್ತಲಾಗುತ್ತಿರಲಿಲ್ಲ. ಒಂದು ಹಾಳೆ ಬರೆದರೆ ಎಲ್ಲವೂ ನೇರವಾಗುವುದಿಲ್ಲ. ಎರಡನೇ ಬ್ಲಾಕಿನ ಕೊನೆಯ ಮೋಲ್ಡ್ ಮುಗಿದ ಮೇಲೆ ಹದಿಮೂರು ಜನವೂ ಚೆನ್ನೈ ಕಡೆ ಹೊರಟರು. ಅವರನ್ನು ರೈಲಿಗೆ ಬಿಡಲು ಪೇಟೆಯ ಹುಡುಗರ ಬೈಕುಗಳು ಬಂದಿದ್ದವು.

ನಾನು ಈಗ ಹಿರಿಯೂರಿನಲ್ಲಿ ಇನ್ನೊಂದು ಸೈಟಿನಲ್ಲಿದ್ದೇನೆ. ಹೋದ ತಿಂಗಳು ಕಂಬಿಯವನು ಚೆನ್ನೈನಿಂದ ಫೋನ್ ಮಾಡಿದ್ದ. ಹದಿನಾಲ್ಕು ಮಹಡಿಯ ಕಟ್ಟಡವಂತೆ, ಸುತ್ತ ಒಂದು ಗೇಣು ಖಾಲಿ ಜಾಗವಿಲ್ಲವಂತೆ. ಅದಕ್ಕೇ ಭಾನುವಾರ ಬೆಳಗ್ಗೆ ಎರಡು ಬಸ್ ಬದಲಾಯಿಸಿ ಸಮುದ್ರದ ದಡಕ್ಕೆ ಹೋಗುತ್ತಾರಂತೆ.

"ಮರಳಿನಲ್ಲಿ ಕಾಲು ನೋಯಲ್ಲ ಮೇಡಂ" ಎಂದ. "ಆದರೆ ಚೆಂಡು ಉರುಳಲ್ಲ. ನಮ್ಮ ಮೇಸ್ತ್ರಿ ಸಮುದ್ರಕ್ಕೇ ಬೈಯುತ್ತಾನೆ. ಗೋಲು ಹೊಡೆಯೋ ಹೊತ್ತಿಗೆ ಸರಿಯಾಗಿ ಅಲೆ ಬಂದು ಗಳ ಕೀಳುತ್ತೆ ಅಂತ."

ಹಿಂದೆ ಯಾರೋ ಕೂಗಿದರು, ಲಿಫ್ಟ್ ಬಂತೆಂದು ಕಾಣುತ್ತದೆ. ಆಮೇಲೆ ಮಾಡುತ್ತೇನೆ ಎಂದು ಇಟ್ಟ. ನನಗೂ ಹೊಸ ಸ್ಲ್ಯಾಬು ಬಿರುಕು ಬಿಡದಂತೆ ನೀರು ಬಿಟ್ಟಿದ್ದಾರೋ ಇಲ್ಲವೋ ನೋಡಬೇಕಿತ್ತು, ಮೇಲೆ ಹೋದೆ.